ಉಚ್ಚಂಗಮ್ಮನ ಹೆಬ್ಬೆರಳು

ಸೊಕ್ಕೆ ಊರಿನ ಕೇರಿಯಲ್ಲಿರುವ ಗರಡಿಮನೆಯ ಮಣ್ಣು ಹೇಗಿರುತ್ತದೆ ಎಂದು ಕೇಳಿದರೆ ಉಚ್ಚಂಗಮ್ಮ ಕಣ್ಣು ಮುಚ್ಚಿಕೊಂಡೇ ಹೇಳಬಲ್ಲಳು. ಒಣಗಿದ್ದಾಗ ಬೆರಳ ಸಂದಿನಲ್ಲಿ ಜೋಳದ ಹಿಟ್ಟಿನ ಹಾಗೆ ಜಾರುತ್ತದೆ. ಎಣ್ಣೆ ಬಿದ್ದ ಮೇಲೆ ತುಸು ಜಿಗುಟು. ಮಜ್ಜಿಗೆ ಬೆರೆಸಿದ ಮಾರನೆಯ ದಿನ ಹುಳಿ ವಾಸನೆ. ಪ್ರತಿ ವರ್ಷ ಯುಗಾದಿಗೆ ಮುಂಚೆ ಗಂಡಸರು ಅಖಾಡದ ಹಳೆಯ ಮಣ್ಣನ್ನು ಅಗೆದು ಹೊರಗೆ ಸುರಿಯುತ್ತಾರೆ. ಗುಡ್ಡದ ಬುಡದಿಂದ ಹೊಸ ಕೆಮ್ಮಣ್ಣು ಟ್ರ್ಯಾಕ್ಟರಿನಲ್ಲಿ ಬರುತ್ತದೆ. ಎರಡನ್ನೂ ಸೇರಿಸಿ, ಹೆಂಟೆ ಒಡೆದು, ಕಲ್ಲು ಆರಿಸಿ, ಜೋಳದ ಜರಡಿಯಲ್ಲಿ ಹಿಡಿಯುವವರು ಹೆಂಗಸರು. ಅದಕ್ಕೆ ಬೇಕಾದ ಮಜ್ಜಿಗೆ ಕಡೆಯುವವರು, ಅರಿಶಿನ ಕುಟ್ಟುವವರು, ಬೇವಿನ ಎಲೆ ಒಣಗಿಸಿ ಪುಡಿ ಮಾಡುವವರು ಎಲ್ಲರೂ ಹೆಂಗಸರೇ. ಮಣ್ಣಿನ ಪುಟ್ಟಿಯನ್ನು ಹೊತ್ತು ಗರಡಿಯ ಹೊಸ್ತಿಲವರೆಗೆ ತಂದು ಕೊಡುವವರೂ ಅವರೇ. ಹೊಸ್ತಿಲಲ್ಲಿ ಪುಟ್ಟಿ ಕೈ ಬದಲಾಗುತ್ತದೆ. ಅಲ್ಲಿಂದಾಚೆ ವರ್ಷವಿಡೀ ಆ ಮಣ್ಣನ್ನು ಯಾವ ಹೆಂಗಸೂ ಮೆಟ್ಟುವಂತಿಲ್ಲ.

ಯಾಕೆ ಎಂದರೆ 'ಮೊದ್ಲಿಂದ ಹಂಗೇ' ಎನ್ನುತ್ತಾರೆ. ಆ ಗರಡಿ ಕಟ್ಟಿದ್ದೇ ಉಚ್ಚಂಗಮ್ಮನ ಮಾವ ಓಬಣ್ಣ ಮತ್ತು ಅವನ ಓರಗೆಯವರು. ಹಾಗಾಗಿ ಈ 'ಮೊದಲು' ಬಹಳ ಹಿಂದಿನದೇನಲ್ಲ.

ಓಬಣ್ಣ ಹುಡುಗನಾಗಿದ್ದಾಗ ಊರೊಳಗೆ ಒಂದೇ ಗರಡಿ ಇತ್ತು. ಕೇರಿಯವರಿಗೆ ಅದರ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಅವನು ಹಿಂದಿನ ಕಿಟಕಿಯ ಸರಳು ಹಿಡಿದುಕೊಂಡು ನಿಂತು ನೋಡುತ್ತಿದ್ದ. ನೋಡಿದ್ದನ್ನು ಹೊಲದ ಮಡಿಯಲ್ಲಿ ಗೆಳೆಯರ ಮೇಲೆ ಮಾಡುತ್ತಿದ್ದ. ಮುಂದೆ ದೊಡ್ಡವರಾದ ಮೇಲೆ ಅವರೆಲ್ಲ ಸೇರಿ ಕಲ್ಲು ಹೊತ್ತು ಕೇರಿಯಲ್ಲೇ ಗರಡಿ ಕಟ್ಟಿದರು. ಒಂದು ಗೋಡೆಗೆ ಹನುಮಂತ, ಇನ್ನೊಂದಕ್ಕೆ ಬಾಬಾಸಾಹೇಬರ ಫೋಟೊ. ಓಬಣ್ಣ ಉಸ್ತಾದನಾದ. ಅವನ ಕೈಯಲ್ಲಿ ಪಳಗಿದವರು ಹೊನ್ನಾಳಿ, ಚನ್ನಗಿರಿ ಕಡೆಯ ಕುಸ್ತಿಗಳಿಗೆ ಹೋಗಿ ಬೆಳ್ಳಿ ಕಡಗ ತೊಟ್ಟು ಬಂದರು. ಆ ಮನೆಗೆ ಸೊಸೆಯಾಗಿ ಬಂದ ಉಚ್ಚಂಗಮ್ಮ ಪೈಲ್ವಾನರ ಲಂಗೋಟಿ ಒಗೆದಳು, ಅವರಿಗೆ ರಾಗಿ ಮಾಲ್ಟು ಕಾಸಿದಳು, ಮಣ್ಣು ಜರಡಿ ಹಿಡಿದಳು. ಒಳಗೆ ಏನು ನಡೆಯುತ್ತದೆ ಎಂಬುದನ್ನು ಸದ್ದಿನಲ್ಲೇ ತಿಳಿದಳು.

ಇನ್ನು ಅವಳ ಹೆಬ್ಬೆರಳಿನ ವಿಚಾರ. ಬಲಗೈಯದು ತುದಿಯಲ್ಲಿ ಚಪ್ಪಟೆಯಾಗಿ, ಅಗಲವಾಗಿ, ಉಗುರು ಒಂದು ಕಡೆಗೆ ಸವೆದಿದೆ. ಜಗಳೂರು ಸೀಮೆಯಲ್ಲಿ ಶೇಂಗಾ ಬೆಳೆಯುವ ಮನೆಗಳಲ್ಲಿ ಇಂಥ ಹೆಬ್ಬೆರಳುಗಳು ಬೇಕಾದಷ್ಟಿವೆ. ಮಾರುವ ಶೇಂಗಾ ಮಿಷನ್ನಿಗೆ ಹೋಗುತ್ತದೆ. ಬಿತ್ತನೆಯ ಶೇಂಗಾ ಮಾತ್ರ ಕೈಯಲ್ಲೇ ಸುಲಿಯಬೇಕು. ಮಿಷನ್ನಿನಲ್ಲಿ ಬೀಜದ ಸಿಪ್ಪೆ ಹರಿದರೆ ಮೊಳಕೆ ಬರುವುದಿಲ್ಲ. ಬಿತ್ತನೆಗೆ ಮುಂಚೆ ಕೇರಿಯ ಹೆಂಗಸರು ಗುಂಪಾಗಿ ಕೂತು, ಮೂಟೆ ಮೂಟೆ ಸುಲಿಯುತ್ತಾರೆ. ಕಾಯಿಯ ಮೂತಿ ಎಲ್ಲಿದೆ ಎಂದು ಕಣ್ಣು ನೋಡುವುದಿಲ್ಲ, ಹೆಬ್ಬೆರಳೇ ಹುಡುಕಿಕೊಳ್ಳುತ್ತದೆ. ಮೂತಿ ಸಿಕ್ಕಿ ಒಂದಿಷ್ಟು ಒತ್ತಿದರೆ ಕಾಯಿ ತಾನಾಗಿ ಬಾಯಿ ಬಿಡುತ್ತದೆ. ಸಿಗದಿದ್ದರೆ ಎಷ್ಟು ಒತ್ತಿದರೂ ಮುರಿಯುವುದು ಉಗುರು.

ಓಬಣ್ಣನಿಗೆ ಲಕ್ವ ಹೊಡೆದಿದ್ದು ಒಂದು ಬೇಸಿಗೆಯಲ್ಲಿ. ಬಲಗಡೆಯ ಕೈಕಾಲು ಬಿದ್ದುಹೋದವು, ಬಾಯಿ ಓರೆಯಾಯಿತು. ದಾವಣಗೆರೆಯ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು, ದಿನಾ ಎರಡು ಹೊತ್ತು ಕೈಕಾಲು ತಿಕ್ಕಿ, ಮಡಚಿ ಬಿಡಿಸಬೇಕು ಎಂದರು. ಯಾರು ತಿಕ್ಕಬೇಕು ಎಂದು ಅವರೂ ಹೇಳಲಿಲ್ಲ, ಮನೆಯಲ್ಲಿ ಯಾರೂ ಕೇಳಲಿಲ್ಲ. ಅತ್ತೆ ತೀರಿಕೊಂಡು ಬಹಳ ಕಾಲವಾಗಿತ್ತು. ಶಿಷ್ಯರು ಒಂದು ವಾರ ಸರದಿಯಲ್ಲಿ ಬಂದರು, ಆಮೇಲೆ ಹಬ್ಬಕ್ಕೆ ಬಂದರು. ಓಬಣ್ಣನ ಮಗ, ಉಚ್ಚಂಗಮ್ಮನ ಗಂಡ ಕೊಟ್ರೇಶ್ ಪಂಚಾಯಿತಿಯ ನೀರಗಂಟಿ. ವಾಲ್ವು ತಿರುಗಿಸಿ ತಿರುಗಿಸಿ ತನ್ನ ಭುಜವೇ ನೋಯುತ್ತದೆ ಎಂದ. ಅಲ್ಲಿಯತನಕ ಮಾವನ ಎದುರು ನಿಂತು ಮಾತಾಡದ, ಅವನು ಪಡಸಾಲೆಗೆ ಬಂದರೆ ಸೆರಗು ಎಳೆದುಕೊಂಡು ಒಳಗೆ ಹೋಗುತ್ತಿದ್ದ ಸೊಸೆ, ಒಂದು ಬೆಳಿಗ್ಗೆ ಎಣ್ಣೆ ಬಿಸಿ ಮಾಡಿಕೊಂಡು ಬಂದು ಅವನ ತೊಡೆ ತಿಕ್ಕತೊಡಗಿದಳು. ಅಷ್ಟು ದಿನ ಕಾಪಾಡಿದ ಮರ್ಯಾದೆ ಎಲ್ಲಿ ಹೋಯಿತು ಎಂದು ಯಾರಿಗೂ ಅನಿಸಲಿಲ್ಲ. ಕೆಲಸ ಬಂದಾಗ ಮರ್ಯಾದೆ ತಾನೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ.

ಬಲಗಡೆ ಏನು ಮಾಡಿದರೂ ಓಬಣ್ಣನಿಗೆ ತಿಳಿಯುತ್ತಿರಲಿಲ್ಲ. ಎಡಗಡೆ ಮಲಗಿ ಮಲಗಿ ಹಿಡಿದುಕೊಂಡಿತ್ತು, ಅಲ್ಲಿ ಕೈಯಿಟ್ಟರೆ ಚೀರುತ್ತಿದ್ದ.

"ಅಲ್ಲೊತ್ತಬ್ಯಾಡ," ಎಂದ ಒಂದು ದಿನ, ಮೊಣಕೈಗಿಂತ ಸ್ವಲ್ಪ ಕೆಳಗೆ ಅವಳ ಹೆಬ್ಬೆರಳು ಕೂತಾಗ. "ಕೈ ಜೋಮು ಹಿಡಿತೈತೆ."

"ಇಲ್ಲಾ ಮಾವ?"

"ಅಲ್ಲೇ. ಕುಸ್ತೀಲಿ ಎದುರಿನೋನು ಕೈ ಬಿಡ್ದೇ ಇದ್ರೆ ಅಲ್ಲಿಗೆ ಕೊಡದು. ನಿಂಗೆ ಹೆಂಗೆ ಸಿಕ್ತು?"

"ಶೇಂಗಾ ಮೂತಿ ಸಿಕ್ಕಂಗೆ ಸಿಕ್ತು."

ಓಬಣ್ಣ ಓರೆ ಬಾಯಲ್ಲಿ ನಕ್ಕ. ಮಲಗಿದಲ್ಲೇ ಮಲಗಿದ್ದ ಉಸ್ತಾದನಿಗೆ ಹೇಳಿಕೊಡಲು ಯಾರೂ ಉಳಿದಿರಲಿಲ್ಲ. ಇವಳಿಗೆ ಕೇಳುವ ಆಸೆ ಇತ್ತು. ಮುಂದೆ ತಿಕ್ಕುವ ಹೊತ್ತೇ ಪಾಠದ ಹೊತ್ತಾಯಿತು. ಕತ್ತಿನ ಬುಡದಲ್ಲಿ, ಹೆಗಲೆಲುಬಿನ ಹಿಂದೆ ಇರುವ ಕುಣಿ. ಕಿವಿಯ ಹಾಲೆಯ ಕೆಳಗೆ ದವಡೆ ಸೇರುವ ಜಾಗ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮೆತ್ತನೆಯ ಸಂದು. ತೋಳಿನ ಒಳಮೈಯ ತೆಳು ಚರ್ಮ. ಪಾದದ ಮೇಲ್ಭಾಗ, ಬೆರಳುಗಳು ಶುರುವಾಗುವ ಕಡೆ. ಪ್ರತಿಯೊಂದಕ್ಕೂ ಅವನು ಎಲ್ಲಿ, ಯಾವ ಕಡೆಗೆ, ಎಷ್ಟು ಎಂದು ಹೇಳುತ್ತಿದ್ದ. ಸರಿಯಾಗಿ ಸಿಕ್ಕಿದೆಯೋ ಇಲ್ಲವೋ ಅವನ ಮೈಯೇ ಉತ್ತರ ಕೊಡುತ್ತಿತ್ತು. ಗಂಟಲು, ಕತ್ತಿನ ಪಕ್ಕದ ನರ, ಕಪಾಲ ಇವುಗಳ ವಿಚಾರ ಮಾತ್ರ ಹೇಳಲಿಲ್ಲ. "ಅವು ಜೀವ ಹೋಗೋವು. ನಮ್ಗೆ ಜೀವ ತಗಳ್ಳದು ಬೇಕಾಗಿಲ್ಲ, ಕೈ ಬಿಡಿಸ್ಕಳ್ಳದು ಬೇಕು," ಎಂದ.

ಇನ್ನೊಂದು ಮಾತನ್ನು ಅವನು ಮತ್ತೆ ಮತ್ತೆ ಹೇಳುತ್ತಿದ್ದ. "ಒತ್ತಿದ್ ಮ್ಯಾಲೆ ನಿಂತ್ಕಂಡು ನೋಡಬ್ಯಾಡ. ಅದು ರೆಪ್ಪೆ ಬಡಿಯೋವಷ್ಟು ಹೊತ್ತು. ಕುಡಿದೋನಿಗೆ, ಸಿಟ್ಟು ಬಂದೋನಿಗೆ ಅಷ್ಟೂ ತಟ್ಟಲ್ಲ. ಬಿಡಿಸ್ಕ, ಓಡು."

ಉಚ್ಚಂಗಮ್ಮನ ಮಗಳು ಅರ್ಪಿತಾ ಜಗಳೂರಿನ ಕಾಲೇಜಿಗೆ ಹೋಗುತ್ತಿದ್ದಳು. ಒಂದು ಸಂಜೆ ರೊಟ್ಟಿಯ ತಟ್ಟೆ ಚಾಚಿದಾಗ ಅವಳ ಮಣಿಕಟ್ಟಿನ ಮೇಲೆ ಬೆರಳಿನ ಗುರುತು ಕಂಡಿತು. ಬಳೆಯನ್ನು ಅದರ ಮೇಲೆ ಎಳೆದುಕೊಂಡಿದ್ದಳು. ಕೇಳಿದ ಮೇಲೆ ಹೇಳಿದಳು. ಬಸ್ ಸ್ಟ್ಯಾಂಡಿನಲ್ಲಿ ದಿನಾ ಹಿಂದೆ ಬರುವ ಒಬ್ಬ ಅವತ್ತು ಕೈ ಹಿಡಿದು ನಿಲ್ಲಿಸಿದ್ದ. ಎಷ್ಟು ಎಳೆದರೂ ಬಿಟ್ಟಿರಲಿಲ್ಲ. ಕಂಡಕ್ಟರ್ ಕೂಗಿದ ಮೇಲೆ ಬಿಟ್ಟ.

"ನಾಳೆಯಿಂದ ಕಾಲೇಜು ಬ್ಯಾಡ," ಎಂದ ಕೊಟ್ರೇಶ್.

"ಹಿಡಿದೋನು ನಾಳೆಯಿಂದ ಮನೇಲಿರ್ತಾನಾ?" ಎಂದು ಉಚ್ಚಂಗಮ್ಮ ಕೇಳಿದಳು. ಅವನು ಕೈ ತೊಳೆದು ಎದ್ದ. ತಟ್ಟೆ ಅಲ್ಲೇ ಇತ್ತು. ಅದನ್ನು ಎತ್ತುತ್ತಾ ಅವಳು ಮಗಳಿಗೆ ಹೇಳಿದಳು, "ಬಾ ಇಲ್ಲಿ. ಅವನು ಹಿಡಿದಂಗೆ ನನ್ನ ಹಿಡಿ."

ಅರ್ಪಿತಾ ಬಲಗೈಯಿಂದ ತಾಯಿಯ ಮಣಿಕಟ್ಟು ಹಿಡಿದಳು. ಉಚ್ಚಂಗಮ್ಮನ ಹೆಬ್ಬೆರಳು ಅಭ್ಯಾಸದಿಂದ ಮಗಳ ಮುಂಗೈಗೆ ಹೋಗಿ ಕೂತಿತು. ಒತ್ತಿತು. ಏನೂ ಆಗಲಿಲ್ಲ. ಮತ್ತೆ ಒತ್ತಿತು.

"ಕಚಗುಳಿ ಆಗ್ತೈತೆ ಕಣವ್ವ," ಎಂದಳು ಅರ್ಪಿತಾ.

ಉಚ್ಚಂಗಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ಕಲಿತಿದ್ದೆಲ್ಲ ಮಾವನ ಎಡಗಡೆಯ ಮೈಯಲ್ಲಿ. ಬಲಗಡೆ ಸತ್ತಿತ್ತು, ಅಲ್ಲಿ ಒತ್ತಿದರೆ ಹೌದು ಅಲ್ಲ ಎಂದು ಹೇಳುವವರು ಇರಲಿಲ್ಲ. ಅದೂ ಮಲಗಿದ ಮೈ. ಎದುರಿಗೆ ನಿಂತ ಬಲಗೈ ಅವಳ ಹೆಬ್ಬೆರಳಿಗೆ ಗೊತ್ತೇ ಇಲ್ಲದ ಊರು. ಪಡಸಾಲೆಯಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದ ಓಬಣ್ಣ ಮೆಲ್ಲಗೆ ಹೇಳಿದ, "ನಾನು ಅರ್ಧ ಉಸ್ತಾದ. ನಿಂಗೂ ಅರ್ಧವೇ ಬಂದೈತೆ."

ಮಾರನೆಯ ದಿನ ಬೆಳಿಗ್ಗೆ ಕೊಟ್ರೇಶ್ ನೀರು ಬಿಟ್ಟು ಬಂದು ಚಾಪೆಯ ಮೇಲೆ ಕೂತಿದ್ದ.

"ನೋಡ್ರಿ, ಹಂಗೇ ಮಲಗ್ರಿ," ಎಂದಳು ಉಚ್ಚಂಗಮ್ಮ.

"ಯಾಕೆ?"

"ನಿಮ್ಮಪ್ಪಂದು ಬಲಗಡೆ ಸತ್ತೈತೆ. ನಿಮ್ದು ಬದುಕೈತಲ್ಲ."

ಹೆಂಡತಿ ಎಣ್ಣೆ ಹಚ್ಚಿ ತಿಕ್ಕುತ್ತಾಳೆ ಎಂದುಕೊಂಡು ಅವನು ಖುಷಿಯಿಂದಲೇ ಮಲಗಿದ. ಮೊದಲ ಹೆಬ್ಬೆರಳು ಹೆಗಲ ಕುಣಿಗೆ ಇಳಿದಾಗ ಅವನು ಹಾಕಿದ ಕೂಗಿಗೆ ಪಕ್ಕದ ಮನೆಯ ಬೊಮ್ಮಕ್ಕ ಗೋಡೆಯ ಮೇಲೆ ಕತ್ತು ಹಾಕಿದಳು.

"ಏನವ್ವ ಉಚ್ಚಂಗಿ, ಕೊಟ್ರೇಶನ್ನ ಹೊಡೀತಿದ್ದೀಯಾ?"

"ಇಲ್ಲ ಬೊಮ್ಮಕ್ಕ, ತಿಕ್ತಿದೀನಿ."

"ಹಂಗಾರೆ ನಮ್ಮನೇರನ್ನೂ ಕಳಿಸ್ತೀನಿ, ಒಂದಿಷ್ಟು ತಿಕ್ಕು."

ಹದಿನೈದು ದಿನ ಕೊಟ್ರೇಶ್ ಹೆಂಡತಿಗೆ ತನ್ನ ಬಲಮೈ ಕೊಟ್ಟ. ಮಲಗಿ, ಕೂತು, ನಿಂತು, ಹಿಂದಿನಿಂದ ಹಿಡಿದು. "ಅಲ್ಲ, ಒಂದು ಚೂರು ಮ್ಯಾಲೆ," "ಹೂಂ, ಅಲ್ಲೇ, ಬಿಡು ಬಿಡು," ಎಂದು ಹೇಳುವುದನ್ನು ಅವನೂ ಕಲಿತ. ಒಂದು ದಿನ ತಿಕ್ಕಿಸಿಕೊಂಡು ಎದ್ದವನು ಹೆಂಡತಿಯ ಕೈ ತಿರುಗಿಸಿ ಹೆಬ್ಬೆರಳ ಬುಡದ ಬಾವನ್ನು ನೋಡಿದ. ಅಂದು ಸಂಜೆ ಅಪ್ಪನ ಕಾಲ ಬಳಿ ಎಣ್ಣೆಯ ಬಟ್ಟಲು ಹಿಡಿದು ಕೂತವನು ಅವನೇ. ಓಬಣ್ಣ, "ಇವನ ಕೈ ಬ್ಯಾಡ, ಕಟ್ಟಿಗೆ ಇದ್ದಂಗೈತೆ," ಎಂದು ಗೊಣಗಿದ. "ಕಲೀಲಿ ಮಾವ, ನಾನೂ ಹುಟ್ತಾ ಕಲ್ತಿರ್ಲಿಲ್ಲ," ಎಂದು ಉಚ್ಚಂಗಮ್ಮ ಒಲೆಯ ಮುಂದಿನಿಂದ ಹೇಳಿದಳು. ಸಂಜೆಯ ಪಾಳಿ ಅಲ್ಲಿಂದ ಕೊಟ್ರೇಶನದಾಯಿತು.

ಅರ್ಪಿತಾ ಆ ಹೊತ್ತಿಗೆ ಫೋನಿನಲ್ಲಿ ಮರ್ಮದ ವಿಡಿಯೊಗಳನ್ನು ಹುಡುಕಿ ತಾತನಿಗೆ ತೋರಿಸುತ್ತಿದ್ದಳು. ಕರಿ ಪಟ್ಟಿ ಕಟ್ಟಿದವನೊಬ್ಬ ಒಂದು ಬೆರಳು ಮುಟ್ಟಿಸುತ್ತಾನೆ, ಎದುರಿನ ದಢೂತಿ ಮೂರ್ಛೆ ಹೋಗುತ್ತಾನೆ.

"ಇದು ನಿಜಾನಾ ತಾತ?"

"ಬಿದ್ದೋನು ನಿಜವಾದ ಕಲಾವಿದ," ಎಂದ ಓಬಣ್ಣ. "ನೀನು ನಿಮ್ಮವ್ವನ ತಾವ ಕಲಿ. ಅವಳ ಹತ್ರ ಬೀಳಾಕೆ ಒಪ್ಕಂಡಿರೋರು ಯಾರೂ ಇಲ್ಲ."

ತಾಯಿ ಕಲಿಸಿದ್ದು ಸಣ್ಣದು. ಹಿಡಿದವನ ಹೆಬ್ಬೆರಳು ಯಾವ ಕಡೆ ಇದೆಯೋ ಆ ಕಡೆಗೆ ಕೈ ತಿರುಗಿಸು, ಹಿಡಿತದಲ್ಲಿ ಬಾಗಿಲು ಇರುವುದು ಅಲ್ಲೇ. ತಿರುಗಿಸುವ ಮೊದಲು ನಿನ್ನ ಇನ್ನೊಂದು ಕೈಯ ಹೆಬ್ಬೆರಳನ್ನು ಅವನ ಬೆರಳ ಸಂದಿಗೆ ಇಳಿಸು, ಎಲುಬಿನ ಕಡೆಗೆ ಒತ್ತು. ಹಿಂದಿನಿಂದ ಹಿಡಿದರೆ ಹಿಮ್ಮಡಿಯಿಂದ ಪಾದದ ಮೇಲೆ ಕುಟ್ಟು, ತೋಳಿನ ಒಳಚರ್ಮ ಚಿವುಟಿ ತಿರುಪು. ಆಮೇಲೆ ಕೂಗು, ಜನ ಇರುವ ಕಡೆಗೆ ಓಡು. ಕಾಲೇಜಿಗೆ ಹೋಗುವುದು ನಿಲ್ಲಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಆ ಮನುಷ್ಯ ಮತ್ತೆ ಕೈ ಹಿಡಿದ. ಅರ್ಪಿತಾ ಒತ್ತಿದಳು, ತಿರುಗಿಸಿದಳು, ಓಡಿ ಬಸ್ಸು ಹತ್ತಿದಳು. ಕಿಟಕಿಯಿಂದ ನೋಡಿದಾಗ ಅವನು ಸುಟ್ಟುಕೊಂಡವನ ಹಾಗೆ ಕೈ ಕೊಡವುತ್ತಿದ್ದ. ಬಸ್ಸಿನಲ್ಲಿದ್ದ ಹುಡುಗಿಯರೆಲ್ಲ ನೋಡಿದರು.

ನೋಡಿದವರು ಬಂದರು. ಭೀಮೇಶನ ಮಗಳು ಯಶೋಧರಾ ಮೊದಲು, ಅವಳ ಹಿಂದೆ ಕೇರಿಯ ಉಳಿದ ಹುಡುಗಿಯರು, ಆಮೇಲೆ ಊರೊಳಗಿನಿಂದಲೂ ಕೆಲವರು. ಶೇಂಗಾ ಸುಲಿಯುವ ಅಂಗಳದಲ್ಲಿ ಸಂಜೆ ಪಾಠ. ರೊಟ್ಟಿ ಬಡಿಯುವ ಹೊತ್ತಿಗೆ ಮುಂಚೆ ಮುಗಿಯಬೇಕು, ಇಲ್ಲದಿದ್ದರೆ ಮನೆಗಳಿಂದ ಕೂಗು ಬರುತ್ತಿತ್ತು. ಉಚ್ಚಂಗಮ್ಮ ಮೊದಲು ಎಲ್ಲರ ಕೈಗೂ ಒಂದೊಂದು ಹಿಡಿ ಶೇಂಗಾ ಕೊಟ್ಟು ಕಣ್ಣು ಮುಚ್ಚಿ ಸುಲಿಯಲು ಹೇಳುತ್ತಿದ್ದಳು. ಬೀಜ ಇಡಿಯಾಗಿ ಬಂದವರು ಮುಂದಿನ ಪಾಠಕ್ಕೆ. ಸುಲಿದ ಬೀಜ ಬಿತ್ತನೆಯ ಚೀಲಕ್ಕೆ. ಆ ಲೆಕ್ಕದಲ್ಲಿ ಅವಳ ಕೆಲಸವೂ ಹಗುರಾಯಿತು.

ಅಂಗಳಕ್ಕೆ ಹಾಸಿದ್ದು ಕಲ್ಲುಚಪ್ಪಡಿ. ಬಿಡಿಸಿಕೊಳ್ಳುವುದನ್ನು ಕಲಿತವರಿಗೆ ಬೀಳುವುದನ್ನೂ ಕಲಿಸಬೇಕು. ತಳ್ಳಿದರೆ ಹೇಗೆ ಬಿದ್ದು ಹೇಗೆ ಏಳಬೇಕು ಎಂಬುದನ್ನು ಓಬಣ್ಣ ಪಡಸಾಲೆಯಿಂದಲೇ ಎಡಗೈ ಆಡಿಸಿ ವಿವರಿಸುತ್ತಿದ್ದ. ಒಂದು ದಿನ ಯಶೋಧರಾ ಚಪ್ಪಡಿಯ ಅಂಚಿಗೆ ಬಿದ್ದು ಮುಂಗೈ ಮುರಿದುಕೊಂಡಳು.

ಭೀಮೇಶ್ ಜಗಳ ಮಾಡುವ ಮನುಷ್ಯನಲ್ಲ. ಮಗಳಿಗೆ ಪಟ್ಟಿ ಹಾಕಿಸಿಕೊಂಡು ಬಂದು ಜಗಲಿಯ ಮೇಲೆ ಕೂತ. "ಅಕ್ಕ, ನೀವು ಕಲಿಸ್ತಿರೋದು ಒಳ್ಳೇದೇ. ಆದ್ರೆ ಕಲ್ಲಿನ ಮ್ಯಾಲೆ ಬ್ಯಾಡ. ಮೆತ್ತಗಿರೋ ಜಾಗ ಸಿಕ್ಕರೆ ಕಳಿಸ್ತೀನಿ, ಇಲ್ಲಾಂದ್ರೆ ಇಲ್ಲ." ಉಳಿದ ಮನೆಗಳೂ ಅದೇ ಮಾತು ಹೇಳಿದವು. ಹೊಲದಲ್ಲಿ ಮೆಕ್ಕೆಜೋಳದ ಕೂಳೆ ಚುಚ್ಚುತ್ತದೆ. ಶಾಲೆಯ ಬಯಲಲ್ಲಿ ಗಾಜಿನ ಚೂರು. ಊರಲ್ಲಿ ಮೆತ್ತಗಿನ ಜಾಗ ಅಂತ ಇದ್ದದ್ದು ಒಂದೇ, ಅದನ್ನು ವರ್ಷಾ ವರ್ಷ ಮೆತ್ತಗೆ ಮಾಡಿದವಳು ಉಚ್ಚಂಗಮ್ಮನೇ. ಅದು ಸಿಗದಿದ್ದರೆ ಪಾಠ ಅಲ್ಲಿಗೆ ನಿಲ್ಲುತ್ತಿತ್ತು.

ಮೊದಲು ಮಾವನನ್ನು ಕೇಳಿದಳು. ಓಬಣ್ಣ, "ಈಗ ಉಸ್ತಾದ ಧರ್ಮಪ್ಪ. ಅವನ್ನ ಕೇಳು," ಎಂದು ಮಾತು ಜಾರಿಸಿದ.

"ಊರ ಗರಡಿ ಕಿಟಕೀಲಿ ಸರಳು ಹಿಡ್ಕಂಡು ನಿಂತಿದ್ದು ನೀವೋ ಧರ್ಮಪ್ಪನೋ?"

ಓಬಣ್ಣ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ.

ಧರ್ಮಪ್ಪ ಓಬಣ್ಣನ ಹಿರಿಯ ಶಿಷ್ಯ. ಜಗಳೂರಿನ ಗೊಬ್ಬರದ ಅಂಗಡಿಯಲ್ಲಿ ಕೆಲಸ, ಬೆಳಿಗ್ಗೆ ಸಂಜೆ ಗರಡಿ. ಕೆಟ್ಟವನಲ್ಲ. ಉಚ್ಚಂಗಮ್ಮ ಬಾಗಿಲಲ್ಲಿ ನಿಂತು ಕೇಳಿದಾಗ ಒಳಗಿದ್ದ ಹುಡುಗರು ನಕ್ಕರು. ಅವರನ್ನು ಗದರಿಸಿ ಹೊರಗೆ ಬಂದ.

"ಅತ್ಗೆ, ನೀವು ಕಲಿಸ್ರಿ, ಯಾರು ಬ್ಯಾಡ ಅಂದೋರು. ಈ ಮಣ್ಣಿನ ಮ್ಯಾಲೆ ಮಾತ್ರ ಬ್ಯಾಡ. ಹೆಣ್ಮಕ್ಳು ಅಂದ್ರೆ ತಿಂಗಳಿಗೊಂದ್ಸಲ ಇರ್ತೈತೆ. ಮಣ್ಣು ಮೈಲಿಗೆ ಆದ್ರೆ ಪೈಲ್ವಾನರಿಗೆ ಒಳ್ಳೇದಲ್ಲ."

"ಏನಂದೆ?"

"ಮೈಲಿಗೆ ಅಂದೆ."

"ನಮ್ಮ ಕೇರೀಲಿ ಇನ್ನೊಬ್ರಿಗೆ ಹಂಗನ್ನೋರು ಇಲ್ಲ ಅಂದ್ಕಂಡಿದ್ದೆ," ಎಂದಳು ಉಚ್ಚಂಗಮ್ಮ. "ನಮಗೆ ಅನ್ನೋರು ಬೇಕಾದಷ್ಟು ಜನ ಇದ್ರು."

ಧರ್ಮಪ್ಪನ ಮುಖ ಬಿಳಿಚಿತು. ಆದರೂ ಅವನು ಬಾಗಿಲಿನಿಂದ ಸರಿಯಲಿಲ್ಲ.

ಯುಗಾದಿ ಹತ್ತಿರ ಬಂತು. ಅಖಾಡದ ಹಳೆಯ ಮಣ್ಣು ಹೊರಗೆ ಬಿತ್ತು, ಟ್ರ್ಯಾಕ್ಟರ್ ಬಂದು ಹೊಸದನ್ನೂ ಸುರಿದು ಹೋಯಿತು. ಬೊಮ್ಮಕ್ಕ ಜರಡಿ ಹಿಡಿದು ಉಚ್ಚಂಗಮ್ಮನನ್ನು ಕರೆಯಲು ಬಂದಳು. ಉಚ್ಚಂಗಮ್ಮ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದಳು, ಏಳಲಿಲ್ಲ.

"ಕಾಲಿಟ್ರೆ ಮೈಲಿಗೆ ಆಗೋ ಮಣ್ಣಿಗೆ ಕೈ ಹೆಂಗೆ ಹಾಕದು ಬೊಮ್ಮಕ್ಕ?"

ಬೊಮ್ಮಕ್ಕ ಜರಡಿಯನ್ನು ಅಲ್ಲೇ ಗೋಡೆಗೆ ಒರಗಿಸಿ, ಪಕ್ಕದಲ್ಲಿ ಕೂತು ಬೂದಿ ತೆಗೆದುಕೊಂಡು ಪಾತ್ರೆ ಉಜ್ಜತೊಡಗಿದಳು. ಮಧ್ಯಾಹ್ನದೊಳಗೆ ಈ ಮಾತು ಕೇರಿಯ ಎಲ್ಲ ಒಲೆಗಳಿಗೂ ಮುಟ್ಟಿತು. ಗರಡಿಯ ಮುಂದೆ ಮಣ್ಣಿನ ಗುಡ್ಡೆ ಹಾಗೇ ಇತ್ತು. ಅದರ ಮೇಲೆ ಕೋಳಿಗಳು ಕೆದರಿದವು. ಮಜ್ಜಿಗೆ ಬರಲಿಲ್ಲ, ಅರಿಶಿನ ಬರಲಿಲ್ಲ. ಯಾವ ಹೆಂಗಸೂ ಜಗಳ ಮಾಡಲಿಲ್ಲ. ಕೇಳಿದರೆ, "ಕೈ ಬಿಡುವಿಲ್ಲ," ಎನ್ನುತ್ತಿದ್ದರು. ಅದು ಸುಳ್ಳೂ ಅಲ್ಲ.

ಎರಡು ದಿನ ಕಾದು ಗಂಡಸರೇ ಜರಡಿಗೆ ಇಳಿದರು. ಜೋಳದ ಜರಡಿಯಲ್ಲಿ ಕೂತು ಹಿಡಿಯುವುದು ಅವರಿಗೆ ಒಗ್ಗಲಿಲ್ಲ, ಅರ್ಧ ಪುಟ್ಟಿಗೆ ಸೊಂಟ ಹಿಡಿಯಿತು. ಮನೆ ಕಟ್ಟುವ ಕಡೆಯಿಂದ ಮರಳು ಸೋಸುವ ದೊಡ್ಡ ಜರಡಿ ತಂದು ಓರೆಯಾಗಿ ನಿಲ್ಲಿಸಿ ಸಲಿಕೆಯಿಂದ ಎರಚಿದರು. ಒಂದೇ ಸಂಜೆಗೆ ಮುಗಿಯಿತು. "ಇಷ್ಟಕ್ಕೆ ಹೆಂಗಸರು ವಾರ ಕೂರ್ತಿದ್ರಲ್ಲ," ಎಂದು ಒಬ್ಬ ಹೇಳಿದ್ದು ಉಚ್ಚಂಗಮ್ಮನ ಕಿವಿಗೂ ಬಿತ್ತು.

ಹೊಸ ಮಣ್ಣಿಗೆ ಮೊದಲ ಹೆಜ್ಜೆ ಇಡುವುದು ಹಿರಿಯ ಉಸ್ತಾದ. ಓಬಣ್ಣ ಬಿದ್ದ ಮೇಲೂ ಆ ಪದ್ಧತಿ ತಪ್ಪಿರಲಿಲ್ಲ. ಬಲಗಡೆಯಿಂದ ಒಬ್ಬರು ಅವನ ಭಾರ ಹೊತ್ತರೆ ಎಡಗಾಲೂರಿ ನಡೆಯುತ್ತಿದ್ದ. ಮನೆಯಿಂದ ಗರಡಿಯವರೆಗೆ ಆ ಭಾರ ಹೊರುವವಳು ಸೊಸೆ. ಹೊಸ್ತಿಲಲ್ಲಿ, ಮಣ್ಣಿನ ಪುಟ್ಟಿಯ ಹಾಗೆಯೇ, ಅವನೂ ಗಂಡಸರ ಕೈಗೆ ಹೋಗುತ್ತಿದ್ದ.

ಆ ಬೆಳಿಗ್ಗೆಯೂ ಹಾಗೇ ಹೊರಟರು. ಓಬಣ್ಣನ ಬಲಗೈ ಅವಳ ಕತ್ತಿನ ಸುತ್ತ ಜೋತುಬಿದ್ದಿತ್ತು, ಅವಳು ಅದನ್ನು ಎಡಗೈಯಿಂದ ಮಣಿಕಟ್ಟಿನಲ್ಲಿ ಹಿಡಿದಿದ್ದಳು. ಹಿಂದೆ ಅರ್ಪಿತಾ, ಕೈಗೆ ಪಟ್ಟಿ ಕಟ್ಟಿದ ಯಶೋಧರಾ, ಪಾಠಕ್ಕೆ ಬರುತ್ತಿದ್ದ ಹುಡುಗಿಯರು. ಕೊಟ್ರೇಶ್ ವಾಲ್ವಿನ ಕೀಲಿ ಹೆಗಲ ಮೇಲಿಟ್ಟುಕೊಂಡು ಒಂದು ಪಕ್ಕ. ಗರಡಿಯ ಬಾಗಿಲಲ್ಲಿ ಧರ್ಮಪ್ಪ ಸ್ನಾನ ಮಾಡಿ, ವಿಭೂತಿ ಇಟ್ಟು ನಿಂತಿದ್ದ. ಹೊಸ್ತಿಲು ಬಂತು. ಧರ್ಮಪ್ಪ ಕೈ ಚಾಚಿದ.

ಉಚ್ಚಂಗಮ್ಮ ನಿಂತಳು. ಬಿಡಲಿಲ್ಲ.

"ಕೊಡ್ರಿ ಅತ್ಗೆ."

"ಮನೆಯಿಂದ ನಾನು ಹೊತ್ಕಂಡ್ ಬಂದಿದ್ದು. ಒಳಗೂ ಹೊರ್ತೀನಿ."

"ಜನ ನೋಡ್ತಾರೆ. ಬಿಡ್ರಿ." ಅವನು ಮಾವನ ಕೈಯಿಂದ ಅವಳನ್ನು ಬಿಡಿಸಲು ಅವಳ ಮಣಿಕಟ್ಟನ್ನು ತನ್ನ ಬಲಗೈಯಲ್ಲಿ ಹಿಡಿದ. ಒರಟಾಗೇನಲ್ಲ. ಮಗುವಿನ ಕೈಯಿಂದ ಆಟಿಕೆ ಬಿಡಿಸುವ ಹಾಗೆ. ಆದರೆ ಪೈಲ್ವಾನನ ಹಿಡಿತ.

ಅವಳು ಮಾವನ ಭಾರವನ್ನು ಸೊಂಟಕ್ಕೆ ಕೊಟ್ಟು ಬಲಗೈಯನ್ನು ಮುಂದೆ ತಂದಳು. ಹೆಬ್ಬೆರಳು ಧರ್ಮಪ್ಪನ ಬೆರಳ ಸಂದಿಯ ಮೇಲೆ ಕೂತಿತು. ಬಲಗೈ. ಕೊಟ್ರೇಶನ ಮೇಲೆ ಹದಿನೈದು ದಿನ ಹುಡುಕಿದ ಜಾಗ. ನೋಡುವವರಿಗೆ ಅವಳು ಅವನ ಕೈಯ ಮೇಲೆ ಕೈ ಇಟ್ಟ ಹಾಗೆ ಮಾತ್ರ ಕಂಡಿತು. ಒತ್ತಿದಳು. ಧರ್ಮಪ್ಪನ ಬೆರಳುಗಳು ಬಿತ್ತನೆಯ ಶೇಂಗಾ ಬಾಯಿ ಬಿಟ್ಟ ಹಾಗೆ ಬಿಚ್ಚಿಕೊಂಡವು.

ಅವನು ತನ್ನ ಕೈಯನ್ನೇ ನೋಡುತ್ತಾ ನಿಂತ. ಗುಂಪಿನಲ್ಲಿ ಯಾರಿಗೂ ಏನಾಯಿತೆಂದು ಸರಿಯಾಗಿ ತಿಳಿಯಲಿಲ್ಲ. ತಿಳಿದವನು ಒಬ್ಬನೇ. ಓಬಣ್ಣನ ಓರೆ ಬಾಯಿಂದ ನಗು ಹೊರಟಿತು, ಎದೆ ಕುಲುಕಿ ಬಂದ ನಗು, ಅದರ ಅಲುಗಾಟ ಉಚ್ಚಂಗಮ್ಮನ ಹೆಗಲಿಗೂ ತಾಗಿತು.

"ಲೇ ಧರ್ಮ," ಎಂದ. "ಸಂದು ಮುಚ್ಚಿ ಹಿಡಿಯಲೇ ಅಂತ ಎಷ್ಟ್ ಸಲ ಹೇಳಿದ್ದೆ?"

"ಉಸ್ತಾದ್ರೆ, ಇದು..."

"ಇದು ನನ್ನ ಪಾಠ. ನಿನಗಿಂತ ಚೆನ್ನಾಗಿ ಕಲ್ತವಳೆ." ಅವನಿಗೆ ಉಸಿರು ಸಾಲಲಿಲ್ಲ, ನಿಂತು ತಗೊಂಡ. "ನಾನು ಕಿಟಕೀಲಿ ನಿಂತ್ಕಂಡು ಕಲ್ತೆ. ಇವಳು ನನ್ನ ಮಂಚದ ಪಕ್ಕ ಕೂತ್ಕಂಡು ಕಲ್ತಳು. ಕಿಟಕಿ ಮುಚ್ಚಾಕೆ ನಾವು ಗರಡಿ ಕಟ್ಲಿಲ್ಲ. ಸರಿ ಆಕಡೆ."

ಧರ್ಮಪ್ಪ ತಿರುಗಿ ಒಳಗಿನ ಗೋಡೆಯ ಬಾಬಾಸಾಹೇಬರ ಫೋಟೊ ನೋಡಿದ. ಉಚ್ಚಂಗಮ್ಮನ ಹಿಂದೆ ನಿಂತ ಹುಡುಗಿಯರನ್ನು ನೋಡಿದ. ಬಾಗಿಲಿಗೆ ಅಡ್ಡವಾಗಿದ್ದ ಭುಜವನ್ನು ನಿಧಾನವಾಗಿ ಪಕ್ಕಕ್ಕೆ ತಿರುಗಿಸಿದ.

ಓಬಣ್ಣನ ಎಡಗಾಲು ಹೊಸ್ತಿಲು ದಾಟಿತು. ಅದರ ಜೊತೆಗೆ ಉಚ್ಚಂಗಮ್ಮನ ಬಲಗಾಲು. ಅವಳು ಕೈಯಲ್ಲಿ ಎಷ್ಟೋ ಸಲ ಮುಟ್ಟಿದ್ದ ಮಣ್ಣು ಅಂಗಾಲಿಗೆ ಬೇರೆಯೇ ಆಗಿತ್ತು. ತಣ್ಣಗಿತ್ತು. ಕಾಲು ಇಳಿದಷ್ಟೂ ಒಳಗೆ ಬಿಡುತ್ತಿತ್ತು. ಮಾವನನ್ನು ಅಖಾಡದ ನಡುವೆ ನಿಲ್ಲಿಸಿ, ಸುತ್ತ ಒಂದು ಸಲ ನೋಡಿದಳು. ಒಳಗಿನಿಂದ ಗರಡಿ ಹೊರಗೆ ಕೇಳಿಸುತ್ತಿದ್ದುದಕ್ಕಿಂತ ಚಿಕ್ಕದಿತ್ತು. ಆ ಚಿಕ್ಕ ಜಾಗದ ನಡುವೆ ಅವಳು ನೆಟ್ಟಗೆ ನಿಂತಿದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು, ಒಂದು ಹೆಗಲ ಮೇಲೆ ಉಸ್ತಾದನ ಕೈ. ಹುಡುಗಿಯರು ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಕೊನೆಯಲ್ಲಿ ಭೀಮೇಶ್ ಬಾಗಿಲಿನಿಂದ ಬಗ್ಗಿ, ಒಂದು ಹಿಡಿ ಮಣ್ಣು ತೆಗೆದು ಬೆರಳಲ್ಲಿ ಉಜ್ಜಿ ನೋಡಿ, ಮಗಳ ಕಡೆಗೆ ತಲೆಯಾಡಿಸಿದ.

ಅಷ್ಟರಲ್ಲಿ ಉಚ್ಚಂಗಮ್ಮನ ಹಿಮ್ಮಡಿಗೆ ಏನೋ ಚುಚ್ಚಿತು. ಕಾಲಬೆರಳಿನಲ್ಲೇ ಕೆದಕಿ ಮೇಲಕ್ಕೆ ತಂದಳು. ಶೇಂಗಾ ಬೀಜದಷ್ಟು ದಪ್ಪದ ಬೆಣಚುಕಲ್ಲು. ಪಕ್ಕದಲ್ಲಿ ಇನ್ನೊಂದು, ಅದರಾಚೆ ಮತ್ತೊಂದು. ಮರಳಿನ ಜರಡಿಯ ಕಣ್ಣಿನಲ್ಲಿ ಅವೆಲ್ಲ ಸಲೀಸಾಗಿ ದಾಟಿ ಬಂದಿದ್ದವು.

ಮಾವನ ಭಾರವನ್ನು ಕೊಟ್ರೇಶನ ಹೆಗಲಿಗೆ ಕೊಟ್ಟು, ಬಗ್ಗಿ ಆರಿಸಿ, ಧರ್ಮಪ್ಪನನ್ನು ಹತ್ತಿರ ಕರೆದಳು. ಇನ್ನೂ ಉಜ್ಜಿಕೊಳ್ಳುತ್ತಿದ್ದ ಅವನ ಬಲಗೈಯ ಅಂಗೈ ತೆರೆಸಿ ಕಲ್ಲುಗಳನ್ನು ಅದರಲ್ಲಿ ಹಾಕಿದಳು.

"ಇದನ್ನ ಇವತ್ತೇ ಮತ್ತೆ ಸೋಸ್ಬೇಕು ಧರ್ಮಪ್ಪ. ಜೋಳದ ಜರಡಿ ಬೊಮ್ಮಕ್ಕನ ತಾವ ಐತೆ," ಎಂದಳು. "ನೀವು ಕೂತು ಹಿಡೀರಿ. ಸೊಂಟ ಹಿಡಕಂಡ್ರೆ ಎಲ್ಲಿ ಒತ್ತಬೇಕು ಅಂತ ಆಮೇಲೆ ಹೇಳ್ತೀನಿ."